ಗೋಲ್ ಕಂಬದ ಹಿಂದೆ

ಗೆದ್ದು ಬಂದವರಿಗೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹಸಿವಾಗುತ್ತದೆ, ಸೋತು ಬಂದವರಿಗೆ ಬಾಯಿ ಬರುತ್ತದೆ. ಐವತ್ತೊಂಬತ್ತನೇ ಇಸವಿಯ ಆ ಭಾನುವಾರ ಸಂಜೆ ಬೆಂಗಳೂರಿನ ರೈಲಿಳಿದು ಚಿನ್ನದ ಗಣಿ ಕಡೆಯ ಗಾಡಿಗೆ ಕಾಯುತ್ತಿದ್ದ ಉರಿಗಾಂ ಜನರಲ್ಲಿ ಒಬ್ಬನೂ ಒಂದು ವಡೆ ಕೊಳ್ಳಲಿಲ್ಲ. ಬೆಂಗಳೂರಿನ ಬಟ್ಟೆ ಮಿಲ್ಲೊಂದರ ಟೀಮು ಅವರ ಹುಡುಗರನ್ನು ಒಂದೇ ಒಂದು ಗೋಲಿನಿಂದ ಸೋಲಿಸಿ, ಫೈನಲ್ಲಿನ ಆಸೆಯನ್ನು ಮಣ್ಣುಪಾಲು ಮಾಡಿ ಕಳಿಸಿತ್ತು. ರೆಫರಿಯ ಹೆತ್ತವರಿಂದ ಹಿಡಿದು ಬೆಂಗಳೂರಿನ ಹುಲ್ಲಿನವರೆಗೆ ಅವರು ಬೈಯದೆ ಬಿಟ್ಟದ್ದು ಏನೂ ಇರಲಿಲ್ಲ.

ಸೊಣ್ಣಪ್ಪ ಮಾತ್ರ ಸಿಮೆಂಟು ಬೆಂಚಿನ ತುದಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಫುಟ್‌ಬಾಲ್ ವಿಷಯ ಬಂದರೆ ಎದುರಿಗಿದ್ದವರ ಕಿವಿ ಸವೆಯುವ ತನಕ ಮಾತಾಡುವ ಮನುಷ್ಯ ಈ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಗೋಲ್‌ಕೀಪರ್ ಜಯರಾಮ ಅವನ ಒಬ್ಬನೇ ಮಗ.

ಟಿಂಬರ್ ಯಾರ್ಡಿನ ಬಚ್ಚಪ್ಪ ಬಂದು ಪಕ್ಕದಲ್ಲಿ ಕೂತ. "ಅದೊಂದು ಗೋಲಾ ಅಣ್ಣಾ? ನಮ್ಮ ಬ್ಯಾಕಿನ ಪೆರುಮಾಳು ತಲೆ ಕೊಟ್ಟು ಚೆಂಡನ್ನ ಆಚೆಗೆ ತಳ್ತಿದ್ದ. 'ಬುಡು ನಂದು, ಬುಡು ನಂದು' ಅಂತ ಊರಿಗೇ ಕೇಳ್ಸೋ ಅಂಗೆ ಕಿರುಚವ್ನೆ. ನಿನ್ನ ಮಗ ಯಾಕೆ ಓಗಿ ಅವನ ಮ್ಯಾಲೆ ಬಿದ್ದ?"

"ಆಟದಾಗೆ ಆಯ್ತದೆ," ಅಂದ ಸೊಣ್ಣಪ್ಪ.

"ಇಬ್ರೂ ನೆಲಕ್ಕೆ ಬಿದ್ರು. ಚೆಂಡು ತಾನಾಗೇ ಉರುಳ್ಕೊಂಡು ಒಳಗೆ ಓಯ್ತು. ಮಿಲ್ಲಿನೋನು ಕಾಲೂ ಇಕ್ಕಲಿಲ್ಲ."

"ನೋಡ್ದೆ ಬುಡಪ್ಪ. ನಂಗೂ ಕಣ್ಣೈತೆ."

ಗಣಿ ಕೆಲಸಗಾರರ ಮನೆಸಾಲಾದ ಲೈನಿನ ಮೂಲೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಕುಪ್ಪುಸ್ವಾಮಿ ನಡುವೆ ಬಾಯಿ ಹಾಕಿದ. "ಪೋಗಟ್ಟುಂ, ಓಗ್ಲಿ ಬುಡ್ರಯ್ಯ. ಅಣ್ಣನ ಕೋಲು ಇರಲಿಲ್ಲ, ಅದಕ್ಕೆ ಸೋತ್ವಿ. ಆ ಪೊಲೀಸಿನೋನು ಅಣ್ಣನ್ನ ಕಂಬದ ಹತ್ರ ಬುಟ್ಟಿದ್ರೆ ಕಥೆ ಬೇರೆ ಇತ್ತು."

ಕೋಲಿನ ಮಾತು ಕೇಳಿ ಒಂದಿಬ್ಬರು ನಕ್ಕರು. ಉರಿಗಾಂ ಮೈದಾನದಲ್ಲಿ ಆಟ ನಡೆದಾಗಲೆಲ್ಲ ಸೊಣ್ಣಪ್ಪ ಮಗನ ಗೋಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕಂಬಕ್ಕೆ ಕೋಲಿನಿಂದ ಬಡಿಯುತ್ತಿದ್ದ. ಗಣಿಯ ಹಳೇ ಕಬ್ಬಿಣದ ಪೈಪೇ ಅಲ್ಲಿ ಗೋಲ್ ಕಂಬ. ನೌಕರಿಯ ಕಾಲವೆಲ್ಲ ಶಾಫ್ಟಿನ ಬಾಯಲ್ಲಿ ನಿಂತು, ಜನರನ್ನು ಇಳಿಸುವ ಏರಿಸುವ ಕೇಜಿಗೆ ಬೆಲ್ ಹೊಡೆದವನು ಅವನು. ರಿಟೈರಾದ ಮೇಲೂ ಕೈ ಸುಮ್ಮನಿರಲೊಲ್ಲದು ಎಂದು ಜನ ತಮಾಷೆ ಮಾಡುತ್ತಿದ್ದರು. ಆಮೇಲಾಮೇಲೆ ಆ ಬಡಿತ ಅವರಿಗೆಲ್ಲ ಒಳ್ಳೆಯ ಶಕುನವೂ ಆಗಿಬಿಟ್ಟಿತ್ತು.

ಅದು ಶಕುನವಲ್ಲ ಎಂದು ಗೊತ್ತಿದ್ದವರು ಕೆಲವೇ ಜನ. ಗಣಿಯ ಆಳದಲ್ಲಿ ಬಂಡೆಗೆ ಡ್ರಿಲ್ ಮಶೀನು ಹಿಡಿದೂ ಹಿಡಿದೂ ಜಯರಾಮನ ಎರಡು ಕಿವಿಗಳೂ ಹೋಗಿದ್ದವು. ಕಂಬದ ಮೇಲೆ ಅಂಗೈ ಇಟ್ಟುಕೊಂಡೇ ಅವನು ಗೋಲು ಕಾಯುತ್ತಿದ್ದ. ಅದನ್ನು ಜನ ಠೀವಿ ಅಂದುಕೊಂಡಿದ್ದರು. ಅಪ್ಪ ಒಂದು ಸಲ ಬಡಿದರೆ, ಚೆಂಡು ತನ್ನದೆಂದು ಬ್ಯಾಕಿನವನು ಕೂಗಿದ್ದಾನೆ, ನಿಂತಲ್ಲೇ ನಿಲ್ಲು ಎಂದು ಅರ್ಥ. ಎರಡು ಸಲ ಬಡಿದರೆ ನಿನ್ನದು, ಮುಂದೆ ಹೋಗು. ಆ ಎರಡೇ ಸನ್ನೆಗಳ ಮೇಲೆ ಟೀಮು ಸೆಮಿಫೈನಲ್ ತನಕ ಬಂದಿತ್ತು. ಬೆಂಗಳೂರಿನಲ್ಲಿ ಪೊಲೀಸರು ಜನರನ್ನೆಲ್ಲ ಹಗ್ಗದಾಚೆಗೆ ಅಟ್ಟಿದರು. ಸೊಣ್ಣಪ್ಪ ಕೈ ಮುಗಿದು ಕೇಳಿಕೊಂಡ. ಲಾಠಿಯವನು ಅವನ ಕೋಲನ್ನೇ ಕಿತ್ತುಕೊಂಡ.

ಮನೆಯಲ್ಲಿ ಸೊಣ್ಣಪ್ಪನ ಹೆಂಡತಿ ಮುನಿನಾರಾಯಣಮ್ಮ ಕೋಳಿ ಕೊಯ್ದು ಸಾರು ಮಾಡಿಟ್ಟಿದ್ದಳು. ಗೆದ್ದೇ ಗೆಲ್ಲುತ್ತಾರೆ ಎಂದು ಗಂಡ ಆಣೆ ಹಾಕಿ ಹೋಗಿದ್ದ. ಬಾಗಿಲಲ್ಲಿ ಅಪ್ಪ ಮಗನ ಮುಖ ನೋಡಿ ಅವಳು ಏನೂ ಕೇಳದೆ ತಟ್ಟೆ ಹಾಕಿದಳು. ಬಸುರಿ ಸೊಸೆ ಅನಸೂಯಮ್ಮ ಮುದ್ದೆ ಕಟ್ಟಿ ಇಟ್ಟಳು.

"ನಂಗೆ ಬ್ಯಾಡ," ಅಂದ ಸೊಣ್ಣಪ್ಪ.

"ಸೋತಿದ್ದು ನೀವು. ಕೋಳಿ ಏನ್ ಮಾಡಿತ್ತು ನಿಂಗೆ? ಉಣ್ಣು."

"ಗಂಟಲಾಗೆ ಇಳಿಯಕಿಲ್ಲ ಅಂದ್ನಲ್ಲ."

"ಯೋ, ಮೆಲ್ಲಕೆ ಮಾತಾಡು."

ಆ ಮನೆಯ ಚಂದವೇ ಅದು. ಕಿವುಡನಿದ್ದ ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಬದುಕುತ್ತಿದ್ದರು. ಲೈನು ಮನೆಗಳ ನಡುವೆ ಇದ್ದದ್ದು ಬರೀ ಬಿದಿರು ತಟ್ಟಿಯ ಗೋಡೆ. ಒಂದು ದಿನ ಜೋರಾಗಿ ಕೂಗಿ ಕರೆದರೂ ಪಕ್ಕದವರಿಗೆ ಗುಮಾನಿ ಬರುತ್ತದೆ. ಏನಾದರೂ ಹೇಳಬೇಕಾದರೆ ಅನಸೂಯಮ್ಮ ಗಂಡನ ಗಲ್ಲ ಮುಟ್ಟಿ ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು, ಅವನು ಅವಳ ತುಟಿ ನೋಡುತ್ತಿದ್ದ. ಹೀಗೆ ಗುಟ್ಟು ಕಾಯಲು ಕಾರಣವಿತ್ತು. ಬಂಡೆ ಸಿಡಿಸುವ ಮುಂಚೆ ಊದುವ ವಿಷಲ್ ಕೇಳಿಸದವನನ್ನು ಗಣಿಯೊಳಗೆ ಇಳಿಸುವುದಿಲ್ಲ. ಕೆಲಸ ಹೋದರೆ ಕೆಲಸದವನ ಹೆಸರಲ್ಲಿರುವ ಮನೆಯೂ ಹೋಗುತ್ತದೆ, ಗಣಿಯ ಡಿಪೋದ ಅಗ್ಗದ ಅಕ್ಕಿ ರಾಗಿಯೂ ಹೋಗುತ್ತದೆ. ಕೆಳಗೆ ಜೊತೆಗೆ ದುಡಿಯುವ ಪೆರುಮಾಳು ವಿಷಲ್ ಊದಿದ ಕೂಡಲೇ ಜಯರಾಮನ ಭುಜ ಮುಟ್ಟಿ ಕರೆದುಕೊಂಡು ಬರುತ್ತಿದ್ದ. ಆ ಕೈಯ ದಯೆಯಿಂದ ನಾಲ್ಕು ಹೊಟ್ಟೆಗಳು ತುಂಬುತ್ತಿದ್ದವು.

ಜಯರಾಮ ಮುದ್ದೆ ಮುರಿಯುತ್ತ ಅಪ್ಪನನ್ನು ನೋಡಿದ. "ಪೆರುಮಾಳು ಕೂಗಿದ್ನಾ ನಾಯ್ನಾ?"

ಸೊಣ್ಣಪ್ಪ ಹೌದೆಂದು ಗೋಣು ಹಾಕಿದ.

"ಜೋರಾಗಾ?"

"ಉಣ್ಣು ಮೊದ್ಲು," ಅಂದಳು ತಾಯಿ.

ಆ ವಾರ ಕುಪ್ಪುಸ್ವಾಮಿಯ ಅಂಗಡಿಯಲ್ಲಿ ಅದೇ ಆಟ ಪ್ರತಿದಿನ ನಡೆಯಿತು. ಶಿಫ್ಟು ಮುಗಿಸಿ ಬಂದವರು, ಶಿಫ್ಟಿಗೆ ಹೊರಟವರು, ರಜೆಯವರು, ಎಲ್ಲರೂ ಟೀ ಲೋಟದ ಸುತ್ತ ಕೂತು ಚೆಂಡನ್ನು ಮತ್ತೆ ಮತ್ತೆ ಒದ್ದರು. ಸೋಲಿಗೆ ಒಂದು ಕಾರಣ ಸಿಗದೆ ಅವರಿಗೆ ನಿದ್ದೆ ಹತ್ತುವಂತಿರಲಿಲ್ಲ. ಮೊದಲು ರೆಫರಿಯನ್ನು ಹಿಡಿದರು. ರೆಫರಿ ಆ ಗೋಲಿನಲ್ಲಿ ಏನೂ ಮಾಡಿರಲಿಲ್ಲವಾದ್ದರಿಂದ ಅದು ಬೇಗ ಸಪ್ಪಗಾಯಿತು. ಆಮೇಲೆ ಟೀಮಿಗೆ ಮಧ್ಯಾಹ್ನ ಹೋಟೆಲಿನ ಪೂರಿ ತಿನ್ನಿಸಿದವರನ್ನು ಹಿಡಿದರು. ಎರಡನೇ ವಾರ ಬಚ್ಚಪ್ಪ ಬೇರೊಂದು ಕಾರಣ ತಂದ.

"ಆಟ ಮುಗಿದ ಮ್ಯಾಲೆ ಮಿಲ್ಲಿನ ಕಡೆಯೋನೊಬ್ಬ ಜಯರಾಮನ ಎಗಲ ಮ್ಯಾಲೆ ಕೈ ಆಕ್ಕೊಂಡು ಮಾತಾಡ್ತಿದ್ದ. ನನ್ ಎದುರಿಗೇ. 'ನಮ್ಮ ಮಿಲ್ಲಿಗೆ ಬತ್ತೀಯಾ, ಕೆಲ್ಸ ಕೊಡಿಸ್ತೀನಿ' ಅಂದ. ಇವ್ನು ನಗ್ತಾ ನಗ್ತಾ ಊಂ ಊಂ ಅಂತ ಗೋಣು ಆಕ್ತವ್ನೆ."

ಸುತ್ತ ಕೂತವರು ಟೀ ಕುಡಿಯುವುದನ್ನು ನಿಲ್ಲಿಸಿದರು. ಬೆಂಚಿನ ಕೊನೆಯಲ್ಲಿ ಸೊಣ್ಣಪ್ಪನೂ ಕೂತಿದ್ದ. ತನ್ನ ಮಗ ಯಾರು ಏನು ಹೇಳಿದರೂ ನಕ್ಕು ಗೋಣು ಹಾಕುತ್ತಾನೆಂದು ಅವನಿಗೆ ಗೊತ್ತಿತ್ತು. ಕೇಳಿಸದಿದ್ದದ್ದು ತಿಳಿಯಬಾರದೆಂದು ಜಯರಾಮ ಕಲಿತುಕೊಂಡಿದ್ದ ಉಪಾಯ ಅದು. ಅಂಗಡಿ ಸಾಲಿನಲ್ಲಿ, ಮೇಸ್ತ್ರಿಯ ಮುಂದೆ, ಮಾರಮ್ಮನ ಗುಡಿಯ ಪೂಜಾರಿಯ ಮುಂದೆ ಅವನು ಹಾಗೇ ಪಾರಾಗುತ್ತಿದ್ದ.

"ಮಿಲ್ಲಿನೋನು ಸುಮ್ಕೆ ಅಂದಿರ್ತಾನೆ ಬುಡು," ಅಂದ ಕುಪ್ಪುಸ್ವಾಮಿ.

"ಸುಮ್ಕೆ ಯಾರು ಕೆಲ್ಸ ಕೊಡ್ತಾರೆ ಸ್ವಾಮೀ? ಏನೋ ಮಾಡ್ಕೊಟ್ಟೋರಿಗೆ ಕೊಡ್ತಾರೆ."

ಅಲ್ಲಿಂದ ಮುಂದೆ ಆ ಮಾತಿಗೆ ಕಾಲು ಬಂತು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತ ಅನಸೂಯಮ್ಮನನ್ನು ಹೆಂಗಸರು, "ಬೆಂಗಳೂರಿಗೆ ಯಾವಾಗ ಓಗ್ತೀಯಮ್ಮ? ಅಲ್ಲಿ ಮನೆ ಒಳಗೇ ನಲ್ಲಿಯಂತೆ," ಎಂದು ಕೇಳಿದರು. ಅವಳ ಸರದಿ ಬಂದಾಗ ಯಾರೋ ಮುಂದೆ ನುಗ್ಗಿದರು, ಅವಳು ಜಗಳವಾಡಲಿಲ್ಲ. ಮನೆಗೆ ಬಂದು ಅರ್ಧ ಬಿಂದಿಗೆ ನೀರನ್ನು ಹಂಡೆಗೆ ಸುರಿದಳು. ಅತ್ತೆ ನೋಡಿದಳು.

"ಇಷ್ಟೇನಾ?"

"ಇಷ್ಟೇ ಅತ್ತೆ. ಇವತ್ತು ಬಟ್ಟೆ ನೆನೆಸಬ್ಯಾಡಿ."

ಮೂರನೇ ಭಾನುವಾರ ಉರಿಗಾಂ ಮೈದಾನದಲ್ಲೇ ಒಂದು ಸಣ್ಣ ಆಟವಿತ್ತು. ಜಯರಾಮ ಎಂದಿನಂತೆ ಕಂಬದ ಮೇಲೆ ಕೈ ಇಟ್ಟು ನಿಂತ. ಎಂದಿನಂತೆ ಸೊಣ್ಣಪ್ಪ ಹೊಸ ಕೋಲು ಹಿಡಿದು ಹಿಂದೆ ಕೂತ. ಆದರೆ ಅಲ್ಲಿ ಯಾವಾಗಲೂ ಕಿಕ್ಕಿರಿಯುತ್ತಿದ್ದ ಜನರೆಲ್ಲ ಎದ್ದು ಎದುರಾಳಿಯ ಗೋಲಿನ ಹಿಂದೆ ಹೋಗಿ ಕೂತರು. ಜಯರಾಮ ಮೂರು ಒಳ್ಳೆಯ ಚೆಂಡು ಹಿಡಿದ, ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆಯನ್ನು ಕಣ್ಣಲ್ಲೇ ನೋಡಿ ತಿಳಿಯಬೇಕಾದ ಅವನು ಒಂದೊಂದು ಸಲವೂ ಹಿಂದೆ ತಿರುಗಿ, ಖಾಲಿ ನೆಲ ನೋಡಿ, ಅಪ್ಪನ ಮುಖ ನೋಡಿದ.

ಆ ಸಂಜೆ ಮನೆಯಲ್ಲಿ ಅವನು ಊಟಕ್ಕೆ ಕೂರದೆ ನಿಂತುಕೊಂಡ.

"ಏನಂತಾರೆ ನನ್ನ? ಯಾಕೆ ಎಲ್ಲಾ ಎದ್ದೋದ್ರು?"

ಅನಸೂಯಮ್ಮ ಅವನ ಗಲ್ಲ ಮುಟ್ಟಿದಳು. "ಸೋತಿದ್ದಕ್ಕೆ ಸಿಟ್ಟು. ಓಗ್ತದೆ."

"ಸೋತ್ರೆ ಬೈತಾರೆ. ಎದ್ದು ಓಗ್ತಾರಾ?"

"ಉಣ್ಣು ಬಾ."

ಅವನು ಉಂಡು ಎದ್ದು ಹಿತ್ತಲಿಗೆ ಹೋದ ಮೇಲೆ ಸೊಣ್ಣಪ್ಪ ತಡೆದುಕೊಳ್ಳಲಾರದೆ ಅಂದ, "ನಾನು ಅಂದ್ಬುಡ್ತೀನಿ. ಆಟ ಮಾರ್ಕೊಂಡ ಅಂತವ್ರೆ ನನ್ ಮಗನ್ನ. ಎಂಗೆ ಕೇಳ್ಕೊಂಡಿರೋದು?"

ಮುನಿನಾರಾಯಣಮ್ಮ ಮುಸುರೆ ತಿಕ್ಕುವ ಕೈ ನಿಲ್ಲಿಸಿದಳು. "ಏನಂತೀಯ? ಕಿವುಡ ಅಂತೀಯಾ?"

"ನಿಜಾನೇ ಅಲ್ವಾ?"

"ನಿಜ ಕಟ್ಕೊಂಡು ಎಲ್ಲಿ ಮಲಗ್ತೀಯ? ಮೈದಾನದಾಗಾ?"

ಸೊಸೆ ಎಂದೂ ಮಾವನ ಮಾತಿಗೆ ಎದುರು ಆಡಿದವಳಲ್ಲ. ಆ ದಿನ ಆಡಿದಳು. "ಮಾವ, ಕಳ್ಳ ಅಂದ್ರೂ ಶಿಫ್ಟಿಗೆ ಕರೀತಾರೆ. ಕಿವುಡ ಅಂದ್ರೆ ಕರೆಯಕಿಲ್ಲ. ಅಂದ್ಕೊಳ್ಳಲಿ ಬುಡಿ. ನಲ್ಲಿ ಹತ್ರ ನಾನು ಕೇಳ್ಕೊಂತಿಲ್ವಾ?"

"ನಿಂಗೆ ತಿಳಿಯಕಿಲ್ಲಮ್ಮ. ಆಟ ಅಂದ್ರೆ..."

"ಆಟ ಅಂದ್ರೆ ನಂಗೆ ಬ್ಯಾಡ ಮಾವ. ಹುಟ್ಟೋ ಕೂಸಿಗೆ ಒಂದು ಸೂರು ಬೇಕು. ಬಾಯಿ ಬುಡಬ್ಯಾಡಿ. ನನ್ನಾಣೆ."

ಸೊಣ್ಣಪ್ಪ ಬಾಯಿ ಬಿಡುವುದಿಲ್ಲ ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳುವಾಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಬೈಗುಳ ನುಂಗುವುದು ಅವನಿಗೆ ಬರುತ್ತಿತ್ತು, ಅವಮಾನ ನುಂಗುವುದೂ ಬರುತ್ತಿತ್ತು. ಕಣ್ಣಾರೆ ಕಂಡ ಆಟವನ್ನು ಜನ ತಪ್ಪಾಗಿ ಹೇಳುವುದನ್ನು ನುಂಗುವುದು ಮಾತ್ರ ಅವನ ಜಾತಕದಲ್ಲೇ ಇರಲಿಲ್ಲ.

ಮತ್ತೊಂದು ವಾರ ಅವನು ಕುಪ್ಪುಸ್ವಾಮಿಯ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೇ ಕೂತು ಹೆಂಡತಿಗೆ ಅಕ್ಕಿ ಆರಿಸಿಕೊಟ್ಟ, ಸೌದೆ ಸೀಳಿದ, ತಟ್ಟಿಯ ತೂತುಗಳಿಗೆ ಸಗಣಿ ಮೆತ್ತಿದ. ಸೋಲಿನ ಮಾತಾಡಲು ಜನವಿಲ್ಲದೆ ಅವನು ಹೊಗೆಸೊಪ್ಪು ಬಿಟ್ಟವನ ಹಾಗೆ ಚಡಪಡಿಸಿದ. ಭಾನುವಾರ ಬೆಳಿಗ್ಗೆ, ಒಂದು ಲೋಟ ಟೀ ಕುಡಿದು ಬರುತ್ತೇನೆಂದು ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಟ.

ಅಂಗಡಿಯಲ್ಲಿ ಅವನನ್ನು ಕಂಡು ಬೆಂಚಿನವರು ಸರಿದು ಜಾಗ ಬಿಟ್ಟರು. ಕುಪ್ಪುಸ್ವಾಮಿ ಲೋಟ ತಂದಿಟ್ಟ. ಸೊಣ್ಣಪ್ಪ ಎರಡು ಗುಟುಕು ಕುಡಿದ. ಅಷ್ಟರಲ್ಲಿ ಬಚ್ಚಪ್ಪ ನಗುತ್ತ, "ಅಣ್ಣಾ, ಮಿಲ್ಲಿನ ಕ್ವಾಟ್ರಸ್ಸಿನಾಗೆ ನಿಂಗೂ ಒಂದು ಮೂಲೆ ಕೊಡ್ತಾರಾ? ಕೋಲು ಇಕ್ಕೋಕೆ?" ಅಂದ.

ಯಾರೋ ಕಿಸಕ್ಕೆಂದರು. ಸೊಣ್ಣಪ್ಪ ಲೋಟ ಕೆಳಗಿಟ್ಟು ಎದ್ದು ನಿಂತ.

"ಮಾರ್ಕೊಂಡಿಲ್ಲ ಕಣ್ಲಾ ಬಚ್ಚ. ಅವನಿಗೆ ಕೇಳಿಸಕಿಲ್ಲ. ಮಶೀನು ಇಡಿದು ಎರಡು ಕಿವೀನೂ ಓಗವೆ. ಪೆರುಮಾಳು ಕಿರುಚಿದ್ದು ನಿಂಗೆ ಕೇಳಿಸ್ತು, ನಂಗೆ ಕೇಳಿಸ್ತು, ಅವನಿಗೆ ಕೇಳಿಸಲಿಲ್ಲ. ಮಿಲ್ಲಿನೋನು ಏನಂದ ಅಂತ್ಲೂ ಅವನಿಗೆ ಗೊತ್ತಿಲ್ಲ."

ಒಮ್ಮೆ ಬಾಯಿ ತೆರೆದ ಮೇಲೆ ಅವನು ನಿಲ್ಲಲಿಲ್ಲ. ಬೆಂಚಿಗೆ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದ, ಒಂದು ಅಂದರೆ ಹೀಗೆ, ಎರಡು ಅಂದರೆ ಹೀಗೆ ಎಂದು. ಕಳೆದ ವರ್ಷ ಪಕ್ಕದ ಗಣಿಯಾದ ಮೈಸೂರು ಮೈನ್ಸಿನವರ ಮೇಲೆ ಉಳಿಸಿದ ಚೆಂಡು ಹೇಗೆ ಉಳಿಯಿತು, ಪೆನಾಲ್ಟಿ ಹಿಡಿದದ್ದು ಹೇಗೆ, ಎಲ್ಲ ಬಿಡಿಸಿ ಹೇಳಿದ. ಶಾಫ್ಟಿನ ಬಾಯಲ್ಲಿ ನಿಂತು ನೂರಾರು ಜನರ ಜೀವವನ್ನು ಬೆಲ್ಲಿನ ಮೇಲೆ ನಡೆಸುತ್ತಿದ್ದ ಹಳೆಯ ಸೊಣ್ಣಪ್ಪ ಅವನ ದನಿಯಲ್ಲಿ ಎದ್ದು ಬಂದಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಕುಪ್ಪುಸ್ವಾಮಿಯ ಕಣ್ಣು ತುಂಬಿತು. ಬಚ್ಚಪ್ಪ ಬಂದು, "ತಪ್ಪಾಯ್ತಣ್ಣಾ," ಎಂದು ಅವನ ಕಾಲು ಹಿಡಿದ.

"ಕಿವಿ ಇಲ್ದೋನು ನಮ್ಮನ್ನ ಸೆಮಿಫೈನಲ್‌ಗೆ ತಕ್ಕೊಂಡೋದ್ನೇನ್ರಯ್ಯ," ಅಂದ ಕುಪ್ಪುಸ್ವಾಮಿ. "ನಾವು ಅವನ್ನ ಕಳ್ಳ ಅಂದ್ವಿ."

ಕೊನೆಗೂ ಸೋಲಿಗೆ ಒಂದು ಕಾರಣ ಸಿಕ್ಕಿತ್ತು. ಅದೂ ಹೆಮ್ಮೆ ಪಡುವಂಥ ಕಾರಣ. ಅದನ್ನು ಹೊತ್ತುಕೊಂಡು ಜನ ಲೈನಿನ ಮನೆಮನೆಗೂ ಹೋದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಸೊಣ್ಣಪ್ಪ ಬಹಳ ದಿನಗಳ ಮೇಲೆ ಎದೆ ಸೆಟೆಸಿ ಮನೆಗೆ ನಡೆದ.

ಮುನಿನಾರಾಯಣಮ್ಮ ರಾಗಿ ಹಿಟ್ಟಿಗೆ ಜರಡಿ ಹಿಡಿಯುತ್ತಿದ್ದಳು.

"ಹೆಸ್ರು ಉಳೀತು ಕಣೇ," ಅಂದ ಅವನು. "ಬಚ್ಚ ಕಾಲಿಗೆ ಬಿದ್ದ."

"ಏನಂದೆ ಅವ್ರಿಗೆ?"

ಅವನು ಟವಲಿನಿಂದ ಮುಖ ಒರೆಸಿಕೊಂಡ. ಅವಳು ಜರಡಿಯನ್ನು ಮೊರದ ಮೇಲಿಟ್ಟಳು. ಸೊಣ್ಣಪ್ಪ ಕೂಗಾಟಕ್ಕೆ ಸಿದ್ಧನಾಗಿದ್ದ, ಆದರೆ ಅವಳು ಅದೇ ಪಿಸುಮಾತಿನಲ್ಲಿ, "ಅವನ ಅನ್ನ ಕಿತ್ಕೊಂಡು ಟೀ ಕುಡ್ಕೊಂಡು ಬಂದ್ಯಾ," ಅಂದಳು. ಒಲೆಯ ಮುಂದಿದ್ದ ಅನಸೂಯಮ್ಮ ತಿರುಗಿ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಶಿಫ್ಟಿಗೆ ಹೋದ ಜಯರಾಮ ಅರ್ಧ ಗಂಟೆಯಲ್ಲಿ ಬುತ್ತಿ ಸಮೇತ ವಾಪಸು ಬಂದ. ಮೇಸ್ತ್ರಿ ಅವನನ್ನು ಕೇಜು ಹತ್ತಿಸಿರಲಿಲ್ಲ. ಸಂಜೆ ಪೆರುಮಾಳು ಬಂದು ಬಾಗಿಲಲ್ಲೇ ಕುಕ್ಕರಿಸಿದ.

"ಅಣ್ಣೈ, ಮೇಸ್ತ್ರೀನ ಬೈಯಬೇಡಿ. ಅವರಿಗೂ ಗೊತ್ತಿತ್ತು. ಕಂಡೂ ಕಾಣದಂಗೆ ಇದ್ರು. ಈಗ ಊರೆಲ್ಲ ಮಾತಾಡ್ತಾ ಇದೆ. ನಾಳೆ ಕೆಳಗೆ ಏನಾದ್ರೂ ಆದ್ರೆ ಅವರ ತಲೆ ಓಗ್ತದೆ."

"ನೀನು ಭುಜ ಮುಟ್ಟಿ ಕರ್ಕೊಂಡು ಬರ್ತಿದ್ಯಲ್ಲಪ್ಪ," ಅಂದಳು ಮುನಿನಾರಾಯಣಮ್ಮ.

"ಬರ್ತಿದ್ದೆ ಅಮ್ಮ. ಬೆಂಗಳೂರಲ್ಲಿ ನಾನೇ ಮರೆತೆ. ಅಣ್ಣೈ ಹಿಂದೆ ಇಲ್ಲ ಅನ್ನೋದು ತಲೇಲಿ ಇರಲಿಲ್ಲ. ಬಾಯಿ ಬಡ್ಕೊಂಡೆ." ಕೊಟ್ಟ ಕಾಫಿಯನ್ನು ಕುಡಿಯದೆ ಅವನು ಎದ್ದು ಹೋದ.

ಡಾಕ್ಟರ ಪರೀಕ್ಷೆ ಆಯಿತು. ಬೆನ್ನ ಹಿಂದೆ ಕಾಂಪೌಂಡರು ತಗಡಿನ ಟ್ರೇ ಬೀಳಿಸಿದ. ಜಯರಾಮ ಡಾಕ್ಟರನ್ನೇ ನೋಡಿ ನಗುತ್ತಿದ್ದ. ಕೆಳಗಿನ ಕೆಲಸಕ್ಕೆ ಅವನು ಆಗುವುದಿಲ್ಲ ಎಂದು ಬರೆದರು. ನೆಲದ ಮೇಲಿನ ಕೆಲಸ ಕೇಳಲು ಸೊಣ್ಣಪ್ಪ ಆಫೀಸಿನ ಮೆಟ್ಟಿಲು ಹತ್ತಿದ. ಆಟದ ಉಸ್ತುವಾರಿಯ ಬಾಬು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಮಾತಾಡಿಸಿದ.

"ಮೇಲೆ ಖಾಲಿ ಇರೋದು ಒಂದೇ ಜಾಗ ಸೊಣ್ಣಪ್ಪ. ಅದನ್ನ ಆಡೋ ಹುಡುಗನಿಗೆ ಇಟ್ಟಿದ್ದಾರೆ. ಗೋಲಿಗೆ ಒಬ್ಬ ಬೇಕಲ್ಲ."

"ಗೋಲಿಗೆ ನನ್ ಮಗನೇ ಅವ್ನೆ ಅಲ್ವಾ ಸ್ವಾಮಿ. ನಾನು ಹಿಂದೆ ಕೂತು..."

"ಉರಿಗಾಂನಲ್ಲಿ ಕೂರ್ತೀಯ. ಬೆಂಗಳೂರಲ್ಲಿ ಯಾರು ಬಿಡ್ತಾರೆ? ನೀನೇ ಯೋಚನೆ ಮಾಡು. ನಾವು ಮತ್ತೆ ಅಲ್ಲಿಗೇ ಹೋಗಿ ಆಡಬೇಕು."

ಸೊಣ್ಣಪ್ಪ ಯೋಚನೆ ಮಾಡಿದ. ಬಾಬು ಹೇಳಿದ್ದರಲ್ಲಿ ಅವನಿಗೆ ಒಂದು ತಪ್ಪೂ ಸಿಗಲಿಲ್ಲ. ಕೈ ಮುಗಿದು ಇಳಿದು ಬಂದ.

ಆ ಜಾಗಕ್ಕೆ ಬಂದವನು ರಾಮಚಂದ್ರ ಎಂಬ ಹುಡುಗ. ಹೊಸದಾಗಿ ಮದುವೆಯಾಗಿದ್ದನಾದ್ದರಿಂದ ತೆರವಾಗುವ ಮನೆಯನ್ನೂ ಅವನ ಹೆಸರಿಗೆ ಬರೆದರು. ಅವನ ಹೆಂಡತಿ ಒಂದು ದಿನ ಮನೆ ನೋಡಲು ಬಂದಳು. ಅನಸೂಯಮ್ಮ ಅವಳಿಗೆ ಸೋರುವ ಜಾಗ ಯಾವುದು, ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ ಎಂದು ತೋರಿಸಿ, ಕುಂಕುಮ ಕೊಟ್ಟು ಕಳಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಬಂಗಾರಪೇಟೆಯಲ್ಲಿ ಸೊಣ್ಣಪ್ಪನ ಅಕ್ಕ ಮುನಿಶಾಮಮ್ಮ ಮಾರುಕಟ್ಟೆಯ ಹತ್ತಿರ ಪುರಿ ಹುರಿದು ಮಾರುತ್ತಿದ್ದಳು. ಅವನು ಹೋಗಿ ಮುಂದೆ ನಿಂತಾಗ ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಎಮ್ಮೆ ಮಾರಿದ್ದೀನಿ. ಕೊಟ್ಟಿಗೆ ಖಾಲಿ ಐತೆ. ಅದ್ರಾಗೆ ಇರಿ."

"ಜಯರಾಮಂಗೆ ಏನಾನ ಕೆಲ್ಸ..."

"ಮಂಡೀಲಿ ಮೂಟೆ ಹೊರಲಿ. ಮೂಟೆಗೆ ಕಿವಿ ಬ್ಯಾಡ. ನೀನು ಒಲೆಗೆ ಹೊಟ್ಟು ಆಕು. ಬಾಯಿ ಮುಚ್ಕೊಂಡು ಆಕು."

"ಆಕ್ತೀನಕ್ಕಾ."

ಈ ವಾರಗಳಲ್ಲಿ ಜಯರಾಮ ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸೊಣ್ಣಪ್ಪನಿಗೆ ಹಗುರವಾಗುತ್ತಿತ್ತು. ಹೆಂಡತಿ ಊಟಕ್ಕೆ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಇಂಥದ್ದರ ನಡುವೆಯೂ ಒಂದು ಸಂಜೆ ಅವನು ಸೀಮೆಎಣ್ಣೆ ತರುತ್ತೇನೆಂದು ಹೇಳಿ, ಸುತ್ತು ಹಾಕಿಕೊಂಡು ಮೈದಾನದ ಬೇಲಿಯ ಹತ್ತಿರ ಹೋಗಿ ನಿಂತ. ರಾಮಚಂದ್ರ ಅಭ್ಯಾಸ ಮಾಡುತ್ತಿದ್ದ. ಬೇಡ ಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಸೊಣ್ಣಪ್ಪ ಕತ್ತಲಾಗುವ ತನಕ ನೋಡಿದ. ಎಣ್ಣೆ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು.

ಮನೆ ಬಿಡುವ ದಿನ ಕುಪ್ಪುಸ್ವಾಮಿ ಅಂಗಡಿಗೆ ರಜೆ ಹಾಕಿ ಬಂದ. ಬಚ್ಚಪ್ಪ ಬಂದ, ಪೆರುಮಾಳು ಬಂದ, ಸೋಲಿನ ದಿನ ಜೊತೆಗೆ ರೈಲಿನಲ್ಲಿದ್ದವರೆಲ್ಲ ಬಂದರು. ಯಾರೂ ಕರೆದಿರಲಿಲ್ಲ. ಒಬ್ಬ ಹಂಡೆ ಹೊತ್ತ, ಒಬ್ಬ ಒರಳು ಹೊತ್ತ, ಇಬ್ಬರು ಸೇರಿ ಟ್ರಂಕು ಹಿಡಿದರು. ಬೆಂಗಳೂರಿಗೆ ಆಟ ನೋಡಲು ಹೊರಟಾಗಿನ ಹಾಗೆಯೇ ಸಾಲು ಕಟ್ಟಿಕೊಂಡು ಉರಿಗಾಂ ಸ್ಟೇಷನ್ನಿಗೆ ನಡೆದರು. ಬಚ್ಚಪ್ಪ ದಾರಿಯುದ್ದಕ್ಕೂ ಜಯರಾಮನ ಹೆಗಲ ಮೇಲೆ ಕೈ ಹಾಕಿಕೊಂಡು, ಅವನಿಗೆ ಕೇಳಿಸದೆಂದು ಗೊತ್ತಿದ್ದೂ, ಅವನು ಹಿಡಿದ ಒಳ್ಳೊಳ್ಳೆಯ ಚೆಂಡುಗಳ ಕಥೆಯನ್ನು ಅವನಿಗೇ ಹೇಳಿದ.

ಸಾಮಾನೆಲ್ಲ ಹತ್ತಿಸಿ ಆಯಿತು. ಮುನಿನಾರಾಯಣಮ್ಮ ಸೊಸೆಯನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಅವಳಿಗೆ ಒತ್ತಿಕೊಂಡು ಕೂತಳು. ಎದುರು ಸೀಟಿನಲ್ಲಿ ಅಪ್ಪ, ಮಗ. ಗಾಡಿ ಹೊರಡುವ ಹೊತ್ತಿಗೆ ಕುಪ್ಪುಸ್ವಾಮಿ ಕಿಟಕಿಗೆ ಕೈ ಕೊಟ್ಟು ನಿಂತ. ಸುಮ್ಮನೆ ನಿಲ್ಲಲಾರದೆ ಕೇಳಿದ, "ಅಣ್ಣಾ, ಬರೋ ತಿಂಗಳು ಮತ್ತೆ ಆ ಮಿಲ್ಲಿನೋರ ಮೇಲೆ ಆಟ ಐತೆ. ಬೆಂಗಳೂರಲ್ಲೇ. ಗೋಲಿಗೆ ಬಂದಿರೋ ಈ ಹೊಸ ಹುಡುಗ ಎಂಗೆ? ನೀನು ನೋಡ್ದೆಯಂತಲ್ಲ."

ಸೊಣ್ಣಪ್ಪ ಹೆಂಡತಿಯ ಕಡೆ ನೋಡಿದ. ಅವಳು ಹೊರಗೆ ನೋಡುತ್ತಿದ್ದಳು. ತಿಳಿಯದು ಎಂದು ಬಿಟ್ಟಿದ್ದರೆ ಆಗುತ್ತಿತ್ತು.

"ಎತ್ತರದ ಚೆಂಡಿಗೆ ಕೈ ಚೆನ್ನಾಗೈತೆ," ಅಂದ. "ಎಡಗಡೆ ಬೀಳೋಕೆ ಸ್ವಲ್ಪ ಅಂಜ್ತಾನೆ, ಅದನ್ನ ತಿದ್ದಬೇಕು. ಬ್ಯಾಕಿನೋನು ಕೂಗಿದ್ರೆ ಗಕ್ಕಂತ ನಿಲ್ತಾನೆ. ಈ ಸಲ ಗೆಲ್ತೀರ ಕುಪ್ಪು."

ಕುಪ್ಪುಸ್ವಾಮಿಯ ಮುಖ ಅರಳಿತು, ಮರುಕ್ಷಣವೇ ನಾಚಿಕೊಂಡು ಕೈ ತೆಗೆದ. ಗಾಡಿ ಹೊರಟಿತು. ಉರಿಗಾಂನ ಮನೆಸಾಲು, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬಿಳಿ ದಿಬ್ಬಗಳು ಹಿಂದೆ ಸರಿದವು.

ಸ್ವಲ್ಪ ದೂರ ಹೋದ ಮೇಲೆ ಜಯರಾಮ ಅಪ್ಪನ ಮೊಣಕಾಲು ಮುಟ್ಟಿದ. ಅಪ್ಪ ಕುಪ್ಪುಸ್ವಾಮಿಗೆ ಹೇಳಿದ್ದನ್ನೆಲ್ಲ ಅವನು ಅಪ್ಪನ ತುಟಿಗಳ ಮೇಲೆ ನೋಡುತ್ತ ಕೂತಿದ್ದ.

"ನಾಯ್ನಾ, ಅವ್ನು ಚೆನ್ನಾಗಾಡ್ತಾನಾ?"

ಅವನ ದನಿ ಇಡೀ ಡಬ್ಬಿಗೆ ಕೇಳಿಸುವಷ್ಟು ಜೋರಾಗಿತ್ತು. ಈಗ ಪಿಸುಗುಟ್ಟಬೇಕಾದ ಕಾರಣ ಯಾರಿಗೂ ಇರಲಿಲ್ಲ. ಸೊಣ್ಣಪ್ಪ ಹೌದೆಂದು ಗೋಣು ಹಾಕಿದ.

"ನಂಗಿಂತ್ಲೂವಾ?"

ಮುನಿನಾರಾಯಣಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಅನಸೂಯಮ್ಮ ಮಾವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಇಲ್ಲ ಎಂದು ಒಂದು ಸಲ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಬಂಗಾರಪೇಟೆ ಬರುವ ತನಕ ಜಯರಾಮ ಅಪ್ಪನ ಮುಖ ನೋಡುತ್ತಲೇ ಕೂತಿದ್ದ, ಸೊಣ್ಣಪ್ಪನಿಂದ ಆ ಒಂದು ಸುಳ್ಳಿಗೆ ತಲೆ ಅಲ್ಲಾಡಿಸಲು ಆಗಲಿಲ್ಲ.